ಕಬ್ಬಿಗೆ ತುರಾಯಿ ಬಂದರೆ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ದೀಪಾವಳಿ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಹೊತ್ತಿಗೆ ಅಥಣಿ, ರಾಯಬಾಗ, ಜಮಖಂಡಿ, ಮುಧೋಳ, ಇಂಡಿ ಕಡೆಯ ಹೊಲಗಳಲ್ಲಿ ಕಬ್ಬಿನ ನೆತ್ತಿಯ ಮೇಲೆ ಬೆಳ್ಳಗಿನ ತುರಾಯಿ, ಅಂದರೆ ಕಬ್ಬಿನ ಹೂಗೊಂಚಲು, ಏಳುತ್ತದೆ. ಸೂಲಂಗಿ ಎಂದು ಪುಸ್ತಕಗಳು ಹೇಳುವುದೂ ಇದನ್ನೇ. ಕಾರ್ಖಾನೆಯ ಫೀಲ್ಡ್‌ಮನ್‌ಗೆ ಆಗ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸಾಹೇಬ್ರ, ತುರಾಯಿ ಬಂದೈತ್ರಿ, ಏನ್ ಔಷಧ ಹೊಡೀಬೇಕ್ರಿ?"

ಹೊಡೆಯುವಂಥದ್ದು ಏನೂ ಇಲ್ಲ. ನವೆಂಬರ್‌ನಲ್ಲಿ ಕಣ್ಣಿಗೆ ಬಿದ್ದ ತುರಾಯಿ ಶ್ರಾವಣ, ಭಾದ್ರಪದದಲ್ಲೇ ಕಬ್ಬಿನ ಸುಳಿಯೊಳಗೆ ನಿಶ್ಚಯವಾಗಿರುತ್ತದೆ. ಹೊರಗೆ ಬಂದ ಮೇಲೆ ಅದನ್ನು ಹಿಂದಕ್ಕೆ ಕಳಿಸುವ ಔಷಧ ಇಲ್ಲ. ಆದರೆ ಮಾಡುವ ಕೆಲಸ ಬೇಕಾದಷ್ಟಿದೆ. ಬಂದಿರುವುದು ತುರಾಯಿಯೇ ಹೌದೋ, ಯಾವ ಹೊಲ ಮೊದಲು ಕಡಿಯಬೇಕು, ಮುಂದಿನ ವರ್ಷ ಯಾವ ತಪ್ಪು ಬಿಡಬೇಕು, ಈ ಮೂರನ್ನೂ ಹೊಲದಲ್ಲಿ ನಿಂತೇ ಕಂಡುಕೊಳ್ಳಬಹುದು. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಖರ್ಚಿನವು ಆಮೇಲೆ.

ಹೊಲಕ್ಕೆ ಹೋಗುವ ಮೊದಲು: ಗೋಡೆಯ ಕ್ಯಾಲೆಂಡರ್

ಕಬ್ಬು ವರ್ಷಾನುಗಟ್ಟಲೆ ಬದುಕುವ ಹುಲ್ಲಿನ ಜಾತಿಯ ಬೆಳೆ. ಹೂ ಬಿಡುವ ಹೊತ್ತನ್ನು ಅದು ರಾತ್ರಿಯ ಉದ್ದದಿಂದ ಅಳೆಯುತ್ತದೆ. ಹಗಲು ಸುಮಾರು ಹನ್ನೆರಡೂವರೆ ಗಂಟೆಗೆ ಇಳಿದು, ಇನ್ನೂ ಇಳಿಯುತ್ತಿರುವ ದಿನಗಳಲ್ಲಿ ಸುಳಿಯ ಎಳೆ ಎಲೆಗಳು ಅದನ್ನು ಗ್ರಹಿಸಿ ಬೆಳೆಯುವ ತುದಿಗೆ ಸೂಚನೆ ಕೊಡುತ್ತವೆ. ಆಮೇಲೆ ಆ ತುದಿ ಎಲೆ, ಗಣಿಕೆ (ಕಬ್ಬಿನ ಗೆಣ್ಣು) ಕಟ್ಟುವುದನ್ನು ಬಿಟ್ಟು ಹೂಗೊಂಚಲು ಕಟ್ಟಲು ಶುರು ಮಾಡುತ್ತದೆ.

ಕ್ಯಾಲೆಂಡರಿನಲ್ಲಿ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ಇರುತ್ತದಲ್ಲ, ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಜೂನ್ 21ರ ಹಗಲು 13 ಗಂಟೆ ದಾಟುತ್ತದೆ. ಆಗಸ್ಟ್ ನಡುವೆ ಅದು ಸುಮಾರು 12 ಗಂಟೆ 40 ನಿಮಿಷಕ್ಕೆ ಬಂದಿರುತ್ತದೆ, ಸೆಪ್ಟೆಂಬರ್ ಎರಡನೇ ವಾರಕ್ಕೆ 12 ಗಂಟೆ 20 ನಿಮಿಷದ ಆಸುಪಾಸು. ದಿನಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಕಡಿಮೆ ಇಳಿಕೆ. ಕಬ್ಬಿಗೆ ಅಷ್ಟು ಸಾಕು. ತಳಿ ನೋಡಿಕೊಂಡು ಹೆಚ್ಚುಕಡಿಮೆ ಆಗಸ್ಟ್ ಮತ್ತು ಸೆಪ್ಟೆಂಬರ್‌ನ ಮೊದಲ ಭಾಗ ನಿರ್ಣಾಯಕ. ಅಲ್ಲಿಂದ ಎರಡೂವರೆ ಮೂರು ತಿಂಗಳಿಗೆ ತುರಾಯಿ ಹೊರಗೆ ಬರುತ್ತದೆ.

ಹಾಗಾದರೆ ಏಪ್ರಿಲ್ ನಡುವೆಯೂ ಹಗಲು ಹನ್ನೆರಡೂವರೆ ಗಂಟೆಯೇ ಇರುತ್ತದಲ್ಲ, ಆಗೇಕೆ ಸೂಚನೆ ಸಿಗುವುದಿಲ್ಲ? ಒಂದು, ಆಗ ಹಗಲು ಏರುತ್ತಿರುತ್ತದೆ, ಕಬ್ಬಿಗೆ ಬೇಕಾದದ್ದು ಇಳಿಯುವ ಹಗಲು. ಎರಡು, ಬಿಸಿಲು. ಸೂಚನೆ ಹಿಡಿಯಲು ಹಗಲು 28ರಿಂದ 31 ಡಿಗ್ರಿ, ರಾತ್ರಿ 21ರಿಂದ 23 ಡಿಗ್ರಿ ಇರುವ ಹವೆ ತೀರ ಅನುಕೂಲ. ಹಗಲು 32 ದಾಟಿದರೆ ಅಥವಾ ರಾತ್ರಿ 18ಕ್ಕಿಂತ ಕೆಳಗಿಳಿದರೆ ಹೂವಿನ ಪ್ರಮಾಣ ಕುಗ್ಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲು 40ರ ಹತ್ತಿರ ನಿಂತಿರುತ್ತದೆ. ಮೋಡ ಮುಸುಕಿ, ಜಿಟಿಜಿಟಿ ಮಳೆ ಹಿಡಿದು, ಹಗಲು ರಾತ್ರಿಗೆ ಹೆಚ್ಚು ಅಂತರವಿಲ್ಲದ ಆಗಸ್ಟ್ ಬಂತೆಂದರೆ ಆ ವರ್ಷ ತುರಾಯಿ ಹೆಚ್ಚು. ಮಳೆ ಕೈಕೊಟ್ಟು ಬಿಸಿಲು ಹೊಡೆದ ವರ್ಷ ಕಡಿಮೆ. ಅದಕ್ಕೇ ಹೋದ ವರ್ಷ ಇಲ್ಲದ್ದು ಈ ವರ್ಷ ಬಂತೆಂದು ಗಾಬರಿಯಾಗುವ ಮೊದಲು ಈ ಸಲದ ಶ್ರಾವಣ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಿ.

ಲಕ್ಷಣ: ತುದಿ ಎಲೆ ಗಿಡ್ಡ, ಸುಳಿ ದಪ್ಪ, ತುರಾಯಿ ಮಾತ್ರ ಕಾಣುತ್ತಿಲ್ಲ

ಅಕ್ಟೋಬರ್‌ನಲ್ಲಿ ಕಾಣುವ ಮೊದಲ ಚಿಹ್ನೆ ಇದು. ಮೇಲಿನ ಒಂದೆರಡು ಎಲೆಗಳ ಅಲಗು ಮೊಳಕ್ಕಿಂತ ಚಿಕ್ಕದು, ಆದರೆ ಕಬ್ಬನ್ನು ಸುತ್ತಿಕೊಂಡ ಬುಡದ ಹೊದಿಕೆ ಮಾತ್ರ ಎಂದಿಗಿಂತ ಉದ್ದ. ಇಂಥ ಕೊನೆಯ ಗಿಡ್ಡ ಎಲೆ ಬಂತೆಂದರೆ ಅದರ ಒಳಗೆ ಹೂಗೊಂಚಲು ಸಿದ್ಧವಾಗಿದೆ.

ಖಚಿತ ಮಾಡಿಕೊಳ್ಳಲು ಹೊಲದ ನಡುವಿನಿಂದ ನಾಲ್ಕೈದು ಕಬ್ಬಿನ ತುದಿ ಕತ್ತರಿಸಿ ತನ್ನಿ. ಬದುವಿನ ಸಾಲಿನದು ಬೇಡ, ಅಲ್ಲಿ ಗಾಳಿ ಬೆಳಕು ಬೇರೆ ಇರುತ್ತದೆ, ಮೋಸ ಹೋಗುತ್ತೀರಿ. ಹೊರಗಿನ ಎಲೆ ಬಿಡಿಸಿ, ಹರಿತವಾದ ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳತುದಿ ಸಣ್ಣ ಗುಬಟಿಯಾಗಿ, ಸುತ್ತ ಎಳೆ ಎಲೆಗಳೇ ತುಂಬಿದ್ದರೆ ಕಬ್ಬು ಇನ್ನೂ ಬೆಳೆಯುತ್ತಿದೆ. ಒಳತುದಿ ಉದ್ದವಾಗಿ ಚೂಪಾಗಿದ್ದು, ಅದರ ಮೇಲೆ ಬಿಳಿ ನವಿರು ಎಳೆಗಳು ಕಂಡರೆ ಅದು ತುರಾಯಿ. ಸೆಪ್ಟೆಂಬರ್ ಕೊನೆಯಲ್ಲೇ ಹೀಗೆ ಸೀಳಿ ನೋಡಿದವರಿಗೆ ಕಟಾವಿನ ಯೋಜನೆ ಮಾಡಲು ಒಂದೂವರೆ ಎರಡು ತಿಂಗಳು ಮುಂಚೆಯೇ ಸುದ್ದಿ ಸಿಕ್ಕಂತೆ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಇನ್ನೊಂದು ಪರೀಕ್ಷೆ ಕಬ್ಬಿನಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ, ಆದರೂ ಮಾಡುವವರು ಬೆರಳೆಣಿಕೆಯಷ್ಟು.

ಎಚ್ಚರ: ತುಂಬಿ ನಿಂತ ಕಬ್ಬಿನೊಳಗೆ ಒಬ್ಬರೇ ನುಗ್ಗಬೇಡಿ. ಹಾವು ಇದ್ದೇ ಇರುತ್ತದೆ, ಬೆಳಗಾವಿ ಕಡೆ ಚಿರತೆಯೂ ಕಬ್ಬಿನಲ್ಲಿ ಅಡಗುವುದುಂಟು. ಮೊಳಕಾಲ ತನಕ ಬೂಟು, ತುಂಬುತೋಳಿನ ಅಂಗಿ ಇರಲಿ. ಎಲೆಯ ಅಂಚು ಕಣ್ಣಿಗೆ ತಾಗಿದರೆ ಗಾಯವಾಗುತ್ತದೆ, ಕನ್ನಡಕ ಹಾಕಿಕೊಳ್ಳಿ.

ಲಕ್ಷಣ: ತುದಿಯಿಂದ ಕಪ್ಪು ಚಾಟಿ ಹೊರಟಿದೆ

ಇದು ತುರಾಯಿ ಅಲ್ಲ, ಕಾಡಿಗೆ ರೋಗ. ನಮ್ಮ ಕಡೆ ಕಾಣಿ ರೋಗ ಎನ್ನುತ್ತಾರೆ. ತುರಾಯಿ ಕವಲೊಡೆದು ಹರಡಿ ಬೆಳ್ಳಗೆ ನಯವಾಗಿರುತ್ತದೆ. ಕಾಣಿ ರೋಗದ್ದು ಕವಲಿಲ್ಲದ ಒಂಟಿ ಚಾಟಿ, ಬಾಗಿರುತ್ತದೆ, ಮೊದಲು ತೆಳುವಾದ ಬೆಳ್ಳಿಯ ಪೊರೆ, ಅದು ಒಡೆದರೆ ಒಳಗೆ ಕಾಡಿಗೆಯಂಥ ಪುಡಿ. ಕಾಲವೂ ಗುರುತು ಹೇಳುತ್ತದೆ. ಚಾಟಿ ಎಳೆ ಕಬ್ಬಿನಲ್ಲೂ ಬೇಸಿಗೆಯಲ್ಲೂ ಬರುತ್ತದೆ, ತುರಾಯಿ ಬಲಿತ ಕಬ್ಬಿಗೆ ಚಳಿಗಾಲದ ಬಾಗಿಲಲ್ಲಿ ಮಾತ್ರ.

ಚಾಟಿ ಕಂಡರೆ ಕೈಯಿಂದ ಝಾಡಿಸಬೇಡಿ, ಪುಡಿಯ ಒಂದೊಂದು ಕಣವೂ ರೋಗದ ಬೀಜ. ಪ್ಲಾಸ್ಟಿಕ್ ಚೀಲವನ್ನು ಮೇಲಿನಿಂದ ಮುಚ್ಚಿ ಕಟ್ಟಿ, ಆಮೇಲೆ ಚಾಟಿ ಕತ್ತರಿಸಿ, ಇಡೀ ಬುಡವನ್ನು ಅಗೆದು ಹೊಲದ ಹೊರಗೆ ಸುಟ್ಟುಬಿಡಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಂಥ ಹೊಲದಿಂದ ಬೀಜ ತೆಗೆಯಬಾರದು. ರೋಗ ಹೆಚ್ಚಿದ್ದರೆ ಕೂಳೆಯನ್ನೂ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡಬಾರದು. ಇಲ್ಲಿ ತಡಮಾಡದೆ ಸಹಾಯ ಕೇಳಿ.

ಲಕ್ಷಣ: ತುರಾಯಿ ಇಲ್ಲ, ಆದರೆ ತುದಿಯಲ್ಲಿ ಗುಂಪು ಮರಿ ಒಡೆದಿದೆ

ತುದಿ ಕೊರಕದ ಹುಳು ಸುಳಿ ತಿಂದರೂ ಕೆಳಗಿನ ಕಣ್ಣು ಒಡೆದು ತುದಿ ಪೊರಕೆಯಂತಾಗುತ್ತದೆ. ಸುಳಿ ಜಗ್ಗಿ ನೋಡಿ, ಒಣಗಿರುತ್ತದೆ. ಎಲೆಯ ಮೇಲೆ ಅಡ್ಡಸಾಲಾಗಿ ಗುಂಡಿನ ತೂತುಗಳಿರುತ್ತವೆ. ಎಳೆ ಎಲೆಯ ಬುಡ ಬಿಳಿಚಿ, ತಿರುಚಿ, ಮುದುಡಿದ್ದರೆ ಅದು ಪೊಕ್ಕಾ ಬೋಯಿಂಗ್ ಎಂಬ ಶಿಲೀಂಧ್ರ ರೋಗ. ಎರಡಕ್ಕೂ ಹಗಲಿನ ಉದ್ದಕ್ಕೂ ಸಂಬಂಧವಿಲ್ಲ.

ಲಕ್ಷಣ: ನಮ್ಮ ಹೊಲದ ತುಂಬ ತುರಾಯಿ, ಬದುವಿನ ಆಚೆ ಒಂದೂ ಇಲ್ಲ

ಹೆಚ್ಚು ಜಗಳ, ಹೆಚ್ಚು ಅನುಮಾನ ಹುಟ್ಟುವುದು ಇಲ್ಲಿ. ಗೊಬ್ಬರದ ಅಂಗಡಿಯವನಿಂದ ಹಿಡಿದು ಬೀಜ ಕೊಟ್ಟ ಬೀಗರವರೆಗೆ ಎಲ್ಲರ ಮೇಲೂ ಸಿಟ್ಟು. ಸಮಾಧಾನವಾಗಿ ಒಂದೊಂದೇ ನೋಡೋಣ.

ಹಗಲಿನ ಉದ್ದ ಎರಡೂ ಹೊಲಕ್ಕೆ ಒಂದೇ. ಅಷ್ಟೇಕೆ, ಬೆಳಗಾವಿಗೂ ವಿಜಯಪುರಕ್ಕೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೇ ಅಂತರ, ಆಗಸ್ಟ್‌ನ ಹಗಲಿನಲ್ಲಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬೀಳದು. ಆದ್ದರಿಂದ ಅಕ್ಕಪಕ್ಕದ ಹೊಲದ ವ್ಯತ್ಯಾಸಕ್ಕೆ ಕಾರಣವನ್ನು ತಳಿ, ವಯಸ್ಸು, ನೀರು, ಗೊಬ್ಬರ ಈ ಕ್ರಮದಲ್ಲಿ ಹುಡುಕಿ.

ತಳಿ ಮೊದಲು. ಕೋ ಸಿ 671 ಸಕ್ಕರೆಯಲ್ಲಿ ಎತ್ತಿದ ಕೈ, ಆದರೆ ತುರಾಯಿಗೂ ಮುಂದು. ಅದರಿಂದಲೇ ಬಂದ ಕೋ 94012 ಸಹ ಹಾಗೆಯೇ. ನಮ್ಮ ಭಾಗದಲ್ಲಿ ಹೆಚ್ಚಾಗಿರುವ ಕೋ 86032ಕ್ಕೆ ತುರಾಯಿ ಕಡಿಮೆ, ಬಂದರೂ ತಡ. ರೈತರು ಬರೀ 265 ಎನ್ನುವ ಕೋ ಎಂ 0265ರಲ್ಲೂ ಕಡಿಮೆಯೇ. ಒಂದೇ ತಳಿಯೆಂದು ನಂಬಿದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಬುಡಕ್ಕೆ ಮಾತ್ರ ತುರಾಯಿ ಬಂದಿದ್ದರೆ ಬೀಜ ಬೆರಕೆಯಾಗಿದೆ ಎಂದು ಅನುಮಾನಿಸಿ. ಆ ಬುಡದ ಕಬ್ಬಿನ ಬಣ್ಣ, ಕಣ್ಣಿನ ಆಕಾರ, ಎಲೆ ಬುಡದ ಮುಳ್ಳನ್ನು ಉಳಿದವುಗಳ ಜೊತೆ ಹೋಲಿಸಿದರೆ ತಿಳಿಯುತ್ತದೆ.

ಆಮೇಲೆ ವಯಸ್ಸು. ಎಳೆ ಕಬ್ಬಿಗೆ ಹಗಲಿನ ಸೂಚನೆ ನಾಟುವುದಿಲ್ಲ. ಎರಡು ನಾಲ್ಕು ಬಲಿತ ಗಣಿಕೆ ನೆಲದ ಮೇಲೆ ಕಂಡಿದ್ದರೆ ಮಾತ್ರ ಅದು ಹೂವಿಗೆ ಸಿದ್ಧ. ಹೋದ ವರ್ಷ ಜುಲೈ ಆಗಸ್ಟ್‌ನಲ್ಲಿ ಹಚ್ಚಿದ ಅಡಸಾಲಿ ಈ ಆಗಸ್ಟ್‌ಗೆ ಪೂರ್ತಿ ಬಲಿತಿರುತ್ತದೆ, ಹಾಗಾಗಿ ಅದಕ್ಕೆ ತುರಾಯಿ ಹೆಚ್ಚು. ಬೇಗ ಕಡಿದು ಬಿಟ್ಟ ಕೂಳೆಯೂ ಅಷ್ಟೇ. ಫೆಬ್ರುವರಿ ಕೊನೆಗೆ ಹಚ್ಚಿದ ಸುರು ಕಬ್ಬು ಆಗಸ್ಟ್‌ನಲ್ಲಿ ಇನ್ನೂ ಚಿಕ್ಕದಿದ್ದರೆ ತಪ್ಪಿಸಿಕೊಳ್ಳುತ್ತದೆ. ಪಕ್ಕದವರ ನಾಟಿಯ ತಿಂಗಳು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನೀರಿನ ಮಾತು ಬಂದಾಗ ಕೃಷ್ಣೆ, ಘಟಪ್ರಭೆ, ದೂಧಗಂಗೆಯ ದಂಡೆಯವರು ಕಿವಿಗೊಡಬೇಕು. ಸೂಚನೆ ಹಿಡಿಯುವ ವಾರಗಳಲ್ಲಿ ನೆಲದಲ್ಲಿ ನೀರು ಹೆಚ್ಚಿದ್ದಷ್ಟೂ ತುರಾಯಿ ಹೆಚ್ಚು. ಆಗಸ್ಟ್ ಹೊಳೆ ಏರಿ ಹಿನ್ನೀರು ನಿಂತ ಹೊಲಗಳಲ್ಲಿ, ಬಸಿಗಾಲುವೆ ಇಲ್ಲದ ಎರೆ ಭೂಮಿಯಲ್ಲಿ, ಕಾಲುವೆಯ ತೂಬಿನ ಬಾಯಲ್ಲಿ ಅದು ದಟ್ಟವಾಗಿ ಕಾಣುವುದು ಈ ಕಾರಣಕ್ಕೆ. ಹೊಲದ ನಕ್ಷೆ ಬರೆದು ಎಲ್ಲೆಲ್ಲಿ ಹೂವಿದೆ ಎಂದು ಗುರುತು ಹಾಕಿ ನೋಡಿ. ಗುರುತುಗಳು ತಗ್ಗಿನಲ್ಲೇ ಬಿದ್ದಿದ್ದರೆ ನಿಮ್ಮ ಸಮಸ್ಯೆ ಬಸಿಯುವಿಕೆ, ಬೀಜ ಅಲ್ಲ.

ಸಾರಜನಕ ಕೊನೆಗೆ. ಹಸಿದ ಕಬ್ಬು ಬೇಗ ಹೂವಿಗೆ ಬರುತ್ತದೆ, ಸಾರಜನಕ ಸಾಕಷ್ಟಿದ್ದರೆ ತುರಾಯಿ ಸ್ವಲ್ಪ ಹಿಂದೆ ಸರಿಯುತ್ತದೆ. ಇದನ್ನು ಕೇಳಿ ಆಗಸ್ಟ್‌ನಲ್ಲಿ ಯೂರಿಯಾ ಚೀಲ ಸುರಿಯಬೇಡಿ. ತಡವಾಗಿ ಕೊಟ್ಟ ಯೂರಿಯಾ ಕಬ್ಬನ್ನು ಮಲಗಿಸುತ್ತದೆ, ರಸದ ಸಕ್ಕರೆ ಇಳಿಸುತ್ತದೆ. ಮೇಲುಗೊಬ್ಬರವನ್ನು ಹೊತ್ತಿಗೆ ಸರಿಯಾಗಿ ಮುಗಿಸಿದರೆ ಸಾಕು.

ಲಕ್ಷಣ: ರಸ್ತೆ ದೀಪದ ಹತ್ತಿರ ಮಾತ್ರ ತುರಾಯಿ ಇಲ್ಲ

ದೀಪದ ಕಂಬ, ಪೆಟ್ರೋಲ್ ಬಂಕ್, ದಾಬಾ ಪಕ್ಕದ ಹೊಲಗಳಲ್ಲಿ ಕಾಣುವ ಚಿತ್ರ. ಬೆಳಕು ಬಿದ್ದ ಭಾಗ ಹಸಿರು, ಆಚೆ ತುರಾಯಿ. ಕಬ್ಬು ಲೆಕ್ಕ ಇಡುವುದು ಎಡೆಬಿಡದ ಕತ್ತಲನ್ನು. ರಾತ್ರಿಯ ನಡುವೆ ಮಂದ ಬೆಳಕು ಬಿದ್ದರೂ ಅದರ ಲೆಕ್ಕ ಮುರಿಯುತ್ತದೆ. ಇದು ರೋಗವಲ್ಲ, ಏನೂ ಮಾಡಬೇಕಿಲ್ಲ. ಹಗಲಿನ ಉದ್ದದ ಮಾತು ನಂಬದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಾಗೆಂದು ತುರಾಯಿ ತಡೆಯಲು ಹೊಲಕ್ಕೆ ದೀಪ ಎಳೆಯುವ ಯೋಚನೆ ಬೇಡ. ಒದ್ದೆ ಹೊಲದಲ್ಲಿ ತಾತ್ಕಾಲಿಕ ವೈರ್ ಜೀವ ತೆಗೆಯುತ್ತದೆ.

ಲಕ್ಷಣ: ತುರಾಯಿ ಅರ್ಧಕ್ಕೆ ನಿಂತಿದೆ

ಗಿಡ್ಡ ಎಲೆ ಬಂದು ವಾರಗಳು ಕಳೆದರೂ ಹೂ ಹೊರಗೆ ಬರುವುದಿಲ್ಲ, ಅಥವಾ ಅರ್ಧ ಇಣುಕಿ ನಿಲ್ಲುತ್ತದೆ. ಸೂಚನೆ ಸಿಕ್ಕ ಮೇಲೆ ರಾತ್ರಿಯ ಚಳಿ ಬೇಗ ಜೋರಾದರೆ ಅಥವಾ ನೀರು ಪೂರ್ತಿ ನಿಂತರೆ ಹೀಗಾಗುತ್ತದೆ. ತುರಾಯಿ ಬರಲಿಲ್ಲ, ಕಬ್ಬು ಬೆಳೆಯುತ್ತದೆ ಎಂದು ಕಾಯುವವರಿದ್ದಾರೆ. ತುದಿ ಸೀಳಿ ನೋಡಿ. ಒಳಗೆ ಹೂಗೊಂಚಲು ಇದ್ದರೆ ಆ ಕಬ್ಬು ಇನ್ನು ಹೊಸ ಗಣಿಕೆ ಹಾಕದು. ಅದನ್ನು ತುರಾಯಿ ಬಂದ ಕಬ್ಬೆಂದೇ ಲೆಕ್ಕ ಹಾಕಿ ಕಟಾವಿನ ಸಾಲಿಗೆ ಸೇರಿಸಿ.

ಲಕ್ಷಣ: ಕಬ್ಬು ಹಗುರ, ಒಳಗೆ ಬೆಂಡು, ಕಣ್ಣು ಒಡೆದಿವೆ

ತುರಾಯಿ ಬಂದ ತಕ್ಷಣ ನಷ್ಟ ಶುರುವಾಗುವುದಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಹೆದರಿ ಸಿಕ್ಕ ಬೆಲೆಗೆ ಕಬ್ಬು ಕೊಟ್ಟು ಬಿಡುವವರನ್ನು ಪ್ರತಿ ಹಂಗಾಮಿನಲ್ಲೂ ನೋಡುತ್ತೇವೆ. ಬೆಳವಣಿಗೆ ನಿಂತಿರುವುದರಿಂದ ಎಲೆ ತಯಾರಿಸಿದ ಸಕ್ಕರೆ ಗಣಿಕೆಯಲ್ಲೇ ಉಳಿಯುತ್ತದೆ. ಮೊದಲ ನಾಲ್ಕಾರು ವಾರ ರಸ ಚೆನ್ನಾಗಿಯೇ ಇರುತ್ತದೆ, ಕೆಲವೊಮ್ಮೆ ಮೊದಲಿಗಿಂತ ಚೆನ್ನಾಗಿ. ಒಂದೂವರೆ ಎರಡು ತಿಂಗಳು ದಾಟಿದರೆ ಕಥೆ ಬದಲಾಗುತ್ತದೆ. ತುದಿ ಹೋದ ಕಬ್ಬಿನ ಪಕ್ಕದ ಕಣ್ಣುಗಳು ಒಡೆದು ಕೂಡಿಟ್ಟ ಸಕ್ಕರೆ ತಿನ್ನುತ್ತವೆ, ಮೇಲಿನ ಗಣಿಕೆಯಿಂದ ಕೆಳಕ್ಕೆ ಬೆಂಡು ಇಳಿಯುತ್ತದೆ, ನಾರು ಹೆಚ್ಚುತ್ತದೆ, ತೂಕ ಇಳಿಯುತ್ತದೆ.

ಖರ್ಚಿಲ್ಲದ ಪರೀಕ್ಷೆ: ಐದಾರು ಕಬ್ಬು ಕಡಿದು ಮೇಲಿನಿಂದ ಒಂದೊಂದೇ ಗಣಿಕೆ ಅಡ್ಡ ಕತ್ತರಿಸಿ. ನಡುವೆ ಬಿಳಿ ಹತ್ತಿಯಂಥ ಬೆಂಡು ಎಷ್ಟನೇ ಗಣಿಕೆವರೆಗೆ ಇಳಿದಿದೆ ಎಂದು ಎಣಿಸಿ. ಎರಡು ಮೂರರಲ್ಲಿ ನಿಂತಿದ್ದರೆ ಹೊತ್ತಿದೆ, ಇನ್ನೂ ಕೆಳಗಿಳಿಯುತ್ತಿದ್ದರೆ ಈ ಹೊಲ ಮೊದಲು. ಆದರೆ ತುರಾಯಿಯೇ ಇಲ್ಲದ ಕಬ್ಬಿನಲ್ಲಿ ಬೆಂಡು ಕಂಡರೆ ಬೇರೆ ಕಾರಣ ಹುಡುಕಬೇಕು: ನೀರಿನ ಕೊರತೆ, ಮಿತಿ ಮೀರಿದ ವಯಸ್ಸು, ಇಲ್ಲವೇ ತಳಿಯ ಗುಣ. ಸೀಳಿದಾಗ ಒಳಗೆ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹುಳಿ ವಾಸನೆ ಇದ್ದರೆ ಅದು ಕೆಂಪು ಕೊಳೆ ರೋಗ. ಆ ಕಬ್ಬನ್ನು ಬೇರೆ ಹೊಲಕ್ಕೆ ಒಯ್ಯದೆ ತಜ್ಞರನ್ನು ಕರೆಯಿರಿ.

ಸ್ವಲ್ಪ ಖರ್ಚಿನ ಪರೀಕ್ಷೆ ಬ್ರಿಕ್ಸ್ ಮೀಟರ್, ಅಂದರೆ ರಸದ ಸಿಹಿ ಅಳೆಯುವ ಸಾಧನ. ಕಾರ್ಖಾನೆಯ ಫೀಲ್ಡ್‌ಮನ್ ಹತ್ತಿರ ಇರುತ್ತದೆ, ನಾಲ್ಕು ಮಂದಿ ಸೇರಿ ಒಂದು ಕೊಂಡರೂ ನಷ್ಟವಿಲ್ಲ. ಬುಡದ ಗಣಿಕೆಯ ರಸ, ತುದಿಯ ಬಲಿತ ಗಣಿಕೆಯ ರಸ ಬೇರೆ ಬೇರೆ ಅಳೆಯಿರಿ. ತುದಿಯ ಅಂಕಿ ಬುಡದ ಅಂಕಿಗೆ ಹತ್ತಿರ ಬಂದರೆ ಕಬ್ಬು ಪಕ್ವ. ವಾರ ಬಿಟ್ಟು ಮತ್ತೆ ಅಳೆದಾಗ ತುದಿಯದು ಇಳಿಯುತ್ತಿದ್ದರೆ ಸಕ್ಕರೆ ಕರಗುತ್ತಿದೆ ಎಂದರ್ಥ. ಆದರೆ ನೀರು ನಿಲ್ಲಿಸಿ ಒಣಗಿದ ಕಬ್ಬಿನಲ್ಲಿ ಬ್ರಿಕ್ಸ್ ಏರಿದಂತೆ ತೋರಬಹುದು, ಬೆಂಡನ್ನೂ ಜೊತೆಗಿಟ್ಟು ನಿರ್ಣಯಿಸಿ.

ಕಟಾವಿನ ಟೋಳಿ ಸಿಗುವುದು ತಡವಾದರೆ ಕಾರ್ಖಾನೆಗೆ ಲಿಖಿತ ಅರ್ಜಿ ಕೊಟ್ಟು, ತುರಾಯಿ ಪ್ರಮಾಣ, ನಾಟಿಯ ತಾರೀಖು, ಫೋಟೊ ಲಗತ್ತಿಸಿ ಸರದಿ ಮುಂದಕ್ಕೆ ಕೇಳಿ. ಸರದಿ ಬರುವವರೆಗೆ ಹದವಾಗಿ ನೀರು ಕೊಡುತ್ತಿರಿ, ಪೂರ್ತಿ ಒಣಗಿಸಿದರೆ ಬೆಂಡು ಬೇಗ ಇಳಿಯುತ್ತದೆ. ಗಾಣದ ಅನುಕೂಲವಿರುವ ಮಹಾಲಿಂಗಪುರ, ಮುಧೋಳ ಕಡೆಯವರಿಗೆ ಬೆಲ್ಲ ಇನ್ನೊಂದು ದಾರಿ, ಆದರೆ ಬೆಂಡು ಬಿದ್ದ ಮೇಲೆ ಬೆಲ್ಲವೂ ಸರಿಯಾಗಿ ಕಟ್ಟದು. ಬೇಗ ಕಡಿಸಬೇಕೆಂದು ಹೊಲಕ್ಕೆ ಬೆಂಕಿ ಹಚ್ಚಬೇಡಿ. ಸುಟ್ಟ ಕಬ್ಬಿನ ರಸ ಗಂಟೆಗಟ್ಟಲೆ ಲೆಕ್ಕದಲ್ಲಿ ಕೆಡುತ್ತದೆ, ಬೆಂಕಿ ಪಕ್ಕದ ಪಡಕ್ಕೂ ಹಬ್ಬುತ್ತದೆ. ರವದಿ, ಅಂದರೆ ಕಬ್ಬಿನ ಒಣ ಎಲೆ, ನೆಲಕ್ಕೆ ಬೇಕಾದ ಗೊಬ್ಬರ.

ತುರಾಯಿ ಬಂದ ಕಬ್ಬನ್ನು ಬೀಜಕ್ಕೆ ಇಡಬೇಡಿ. ಮೇಲಿನ ಕಣ್ಣು ಅಲ್ಲೇ ಒಡೆದು ವ್ಯರ್ಥವಾಗಿರುತ್ತವೆ, ಮೊಳಕೆ ಸಮನಾಗಿ ಬರುವುದಿಲ್ಲ. ಬೀಜಕ್ಕೆಂದೇ ಬೇರೆ ಹಚ್ಚಿದ ಎಂಟು ಹತ್ತು ತಿಂಗಳ ಕಬ್ಬೇ ಸರಿ.

ಮುಂದಿನ ವರ್ಷಕ್ಕೆ: ಅಗ್ಗದಿಂದ ದುಬಾರಿಯ ಕಡೆಗೆ

ತಳಿಯ ಆಯ್ಕೆಯಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಬೇಗ ತುರಾಯಿ ಬಿಡುವ ತಳಿ ಬೇಕೆಂದರೆ ಅದನ್ನು ಹಂಗಾಮಿನ ಮೊದಲ ತಿಂಗಳಲ್ಲೇ ಕಡಿಯುವ ಹೊಲಕ್ಕೆ ಹಚ್ಚಿ, ಫೆಬ್ರುವರಿವರೆಗೆ ಕಾಯುವ ಹೊಲಕ್ಕೆ ಬೇಡ. ತಗ್ಗು ಹೊಲಕ್ಕೆ ಬಸಿಗಾಲುವೆ ತೆಗೆಯಿರಿ.

ಸೂಚನೆ ಹಿಡಿಯುವ ವಾರಗಳಲ್ಲಿ ನೀರು ನಿಲ್ಲಿಸಿದರೆ ತುರಾಯಿ ಕಡಿಮೆಯಾಗುತ್ತದೆ ಎಂಬುದು ನಿಜ. ಬೆಳಗಾವಿ ಕಡೆ ಆಗಸ್ಟ್ ಮಳೆಯಲ್ಲಿ ಅದು ನಮ್ಮ ಕೈಯಲ್ಲಿಲ್ಲ. ಬಾಗಲಕೋಟೆ, ವಿಜಯಪುರದ ಬೋರ್ ಮತ್ತು ಹನಿ ನೀರಾವರಿ ಹೊಲಗಳಲ್ಲಿ ಸಾಧ್ಯ. ಆದರೆ ಕಬ್ಬು ಜೋರಾಗಿ ಬೆಳೆಯುವುದೂ ಅದೇ ಕಾಲದಲ್ಲಿ. ಪ್ರತಿ ವರ್ಷ ಅರ್ಧಕ್ಕಿಂತ ಹೆಚ್ಚು ಹೊಲ ತುರಾಯಿಗೆ ಬರುತ್ತಿದ್ದರೆ ಮಾತ್ರ, ಅದೂ ನೀರು ಹಿಡಿದಿಡುವ ಎರೆ ಭೂಮಿಯಲ್ಲಿ ಮಾತ್ರ ಯೋಚಿಸಿ. ಮಡ್ಡಿ ನೆಲದಲ್ಲಿ ಇದನ್ನು ಮಾಡಿದರೆ ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಕೊನೆಯ ದಾರಿ ಎಥೆಫಾನ್ ಎಂಬ ಬೆಳವಣಿಗೆ ನಿಯಂತ್ರಕದ ಸಿಂಪಡಣೆ. ಅದು ಕೆಲಸ ಮಾಡುವುದು ಸೂಚನೆ ಹಿಡಿಯುವ ಮೊದಲು ಹೊಡೆದರೆ ಮಾತ್ರ. ಗಿಡ್ಡ ಎಲೆ ಬಂದ ಮೇಲೆ ಹೊಡೆದರೆ ದುಡ್ಡು ಮಣ್ಣಿಗೆ. ಪ್ರಮಾಣ, ದಿನ ಎರಡನ್ನೂ ಲೇಬಲ್ ಮತ್ತು ಕೃಷಿ ವಿಜ್ಞಾನಿಗಳ ಸಲಹೆಯ ಮೇಲೆಯೇ ನಿರ್ಧರಿಸಿ, ಅಂಗಡಿಯವರ ಮಾತಿನ ಮೇಲಲ್ಲ. ಗಟ್ಟಿ ದ್ರಾವಣ ಆಮ್ಲದ ಗುಣದ್ದು, ಚರ್ಮ ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕ, ಮುಖಗವಸು ಇಲ್ಲದೆ ಮುಚ್ಚಳ ತೆಗೆಯಬೇಡಿ. ಆಳೆತ್ತರ ದಾಟಿದ ಕಬ್ಬಿನೊಳಗೆ ತಲೆಯ ಮೇಲೆ ಪಂಪು ಎತ್ತಿ ಹೊಡೆಯುವುದು ಹೊಡೆಯುವವರ ಮೈಮೇಲೇ ಬೀಳುವ ಕೆಲಸ.

ಮೇವಿನ ಹುಲ್ಲಿನಲ್ಲೂ ಇದೇ ಲಕ್ಷಣ

ಹೈಬ್ರಿಡ್ ನೇಪಿಯರ್ ಕೂಡ ಹಗಲು ಗಿಡ್ಡವಾದಾಗ ತೆನೆ ಬಿಡುತ್ತದೆ. ನವೆಂಬರ್ ಆದ ಮೇಲೆ ಕಾಂಡ ಗಟ್ಟಿಯಾಗಿ ಎಮ್ಮೆ ತುದಿಯಷ್ಟೇ ತಿಂದು ಉಳಿದದ್ದು ಬಿಟ್ಟರೆ ಕಾರಣ ಇದೇ. ಇಲ್ಲಿ ಪರಿಹಾರ ಸುಲಭ: 40ರಿಂದ 45 ದಿನಕ್ಕೊಮ್ಮೆ ತಪ್ಪದೆ ಕೊಯ್ಯುತ್ತಿದ್ದರೆ ತೆನೆಗೆ ಹೊತ್ತೇ ಸಿಗುವುದಿಲ್ಲ. ಚಳಿಯಲ್ಲಿ ಚಿಗುರು ನಿಧಾನ, ಅದಕ್ಕೆ ಹೂವು ಕಾರಣವಲ್ಲ, ರಾತ್ರಿಯ ಉಷ್ಣಾಂಶ ಕಾರಣ.

ಯಾರನ್ನು ಕೇಳಬೇಕು, ಏನು ಒಯ್ಯಬೇಕು

ಕಪ್ಪು ಚಾಟಿ, ಕೆಂಪು ಕೊಳೆ, ಬೀಜ ಬೆರಕೆಯ ಅನುಮಾನ, ಎಥೆಫಾನ್ ಬಳಸುವ ಯೋಚನೆ, ಈ ನಾಲ್ಕರಲ್ಲಿ ಯಾವುದಿದ್ದರೂ ಸ್ವಂತ ಪ್ರಯೋಗ ನಿಲ್ಲಿಸಿ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ, ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಹತ್ತಿರದ ರೈತ ಸಂಪರ್ಕ ಕೇಂದ್ರ ಇವುಗಳಲ್ಲಿ ಒಂದನ್ನು ಸಂಪರ್ಕಿಸಿ. ಹೋಗುವಾಗ ಎಲೆ ಸಮೇತ ಮೂರು ನಾಲ್ಕು ಗಣಿಕೆಯ ತುದಿ, ತಳಿಯ ಹೆಸರು, ನಾಟಿ ಅಥವಾ ಕೂಳೆ ಬಿಟ್ಟ ತಿಂಗಳು, ಆಗಸ್ಟ್‌ನಲ್ಲಿ ನೀರು ನಿಂತಿತ್ತೋ ಇಲ್ಲವೋ, ಮೇಲುಗೊಬ್ಬರದ ದಿನ ಇವು ಜೊತೆಗಿರಲಿ. ಕಪ್ಪು ಚಾಟಿ ಅಥವಾ ಕೆಂಪು ಕೊಳೆಯ ಅನುಮಾನವಿದ್ದರೆ ಮಾತ್ರ ಮಾದರಿ ಒಯ್ಯದೆ ಫೋಟೊ ತೋರಿಸಿ, ದಾರಿಯುದ್ದಕ್ಕೂ ರೋಗ ಚೆಲ್ಲಿಕೊಂಡು ಹೋದಂತಾಗಬಾರದು.